ಅಭಯದಾನವೂ ಬಾಲಿಕಾಶ್ರಮವೂ

ಆದಿದೇವನು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕವನ್ನೂ ಕಲಿಸಿದ ಪ್ರಸಂಗ ಜೈನರ ಮನೆಮನೆಯಲ್ಲಿ ಪರಿಚಿತ. ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಲ್ಲಿ ಅದು ವಿಸ್ತಾರವಾಗಿ ಬಂದಿದೆ. ಅದೇ ಕಥಾವಸ್ತುವನ್ನು ಪಂಪನು 941ರಲ್ಲಿ ಕನ್ನಡಕ್ಕೆ ತಂದನು. ವಿದ್ಯೆಯನ್ನು ಮೊದಲು ಪಡೆದವರು ಹೆಣ್ಣುಮಕ್ಕಳೆಂಬ ಹೆಮ್ಮೆಯಿಂದ ಈ ಪ್ರಸಂಗವನ್ನು ಸಭೆಗಳಲ್ಲಿ ಸ್ಮರಿಸುವುದುಂಟು. ಆದರೆ ಅದರಲ್ಲಿರುವ ಒಂದು ಸಂಗತಿಯತ್ತ ಹೆಚ್ಚು ಗಮನ ಹರಿದಿಲ್ಲ. ಬ್ರಾಹ್ಮಿಯೂ ಸೌಂದರಿಯೂ ಕಲಿತದ್ದು ತಂದೆಯ ಮನೆಯಲ್ಲಿ, ತಂದೆಯ ತೊಡೆಯ ಮೇಲೆ. ಅವರು ವಿದ್ಯೆಗಾಗಿ ಮನೆ ಬಿಡಬೇಕಾಗಿ ಬರಲಿಲ್ಲ. ಅಪರಿಚಿತ ಊರಿನ ಕೋಣೆಯೊಂದರಲ್ಲಿ ಮೂವತ್ತು ಮಕ್ಕಳ ನಡುವೆ ಚಾಪೆ ಹಾಸಿ, ಅಮ್ಮನನ್ನು ನೆನೆದು, ದೀಪವಾರಿದ ಮೇಲೆ ಮುಸುಕಿನೊಳಗೆ ಅಳಬೇಕಾದ ಪಾಡು ಅವರಿಗಿರಲಿಲ್ಲ.

ಮನೆ ಬಿಟ್ಟು ಕಲಿಯಬೇಕಾದ ಮಗುವಿಗೆ ಅಕ್ಷರವೊಂದನ್ನೇ ಕೊಟ್ಟರೆ ಸಾಲದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಶ್ರಾವಕಾಚಾರವು ಹೇಳುವ ನಾಲ್ಕು ಬಗೆಯ ದಾನಗಳೂ ಒಂದೇ ಸೂರಿನ ಕೆಳಗೆ ಒಟ್ಟಿಗೆ ನಡೆಯಬೇಕಾದ ಸ್ಥಳ ಯಾವುದಾದರೂ ಇದ್ದರೆ ಅದು ಬಾಲಿಕೆಯರ ವಸತಿಶಾಲೆಯೇ. ಇವುಗಳಲ್ಲಿ ಮೊದಲ ಮೂರನ್ನು ಹಣ ಕೊಟ್ಟು ತರಿಸಬಹುದು. ನಾಲ್ಕನೆಯದು ಅಂಗಡಿಯಲ್ಲಿ ದೊರೆಯುವುದಿಲ್ಲ. ಹೆಣ್ಣುಮಕ್ಕಳ ವಸತಿಶಾಲೆಗಳ ಒಂದು ಶತಮಾನದ ಚರಿತ್ರೆಯನ್ನು ಓದಿದಾಗ ಎದ್ದು ಕಾಣುವ ಸಂಗತಿ ಇದು.

ಈ ಚರಿತ್ರೆಯನ್ನು ದೂರದ ನಗರಗಳಿಂದ ಆರಂಭಿಸುವ ಬದಲು ನಾಡಿನ ನಡುವಿನ ನಾಲ್ಕು ಊರುಗಳಿಂದ ಆರಂಭಿಸುವುದು ಉಚಿತ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇವು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಆ ಜಿಲ್ಲೆ ರಚನೆಯಾದದ್ದು 1997ರಲ್ಲಿ, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ. ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ. ಅದಕ್ಕೆ ಮುನ್ನ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದದ್ದು 2018ರಲ್ಲಿ. ಒಂದೇ ಜಿಲ್ಲೆಯಾದರೂ ಈ ಊರುಗಳ ನೆಲದ ಗುಣ ಒಂದೇ ಅಲ್ಲ. ಚನ್ನಗಿರಿಯಲ್ಲಿ ಅಡಕೆಯ ತೋಟಗಳೂ ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆಯ ಜಲರಾಶಿಯೂ ಇವೆ. ಆ ಕೆರೆಯನ್ನು ಕಟ್ಟಿಸಿದವಳು ಶಾಂತವ್ವೆಯೆಂಬ ರಾಜಪುತ್ರಿಯೆಂದು ಜನಪದರು ಹೇಳುತ್ತಾರೆ. ಹೊನ್ನಾಳಿ ತುಂಗಭದ್ರೆಯ ದಡದ ಊರು. ಜಗಳೂರು ಮಳೆಯನ್ನೇ ನಂಬಿದ ಬಯಲು. ಅಲ್ಲಿ ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ನೀರಿನಲ್ಲಿ ಫ್ಲೋರೈಡಿನ ಭಯ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರ ಜನರ ಆರಾಧ್ಯರಾದ ಸಂತ ಸೇವಾಲಾಲರು 1739ರಲ್ಲಿ ಜನಿಸಿದರೆಂದು ನಂಬಲಾಗುವ ಪುಣ್ಯಸ್ಥಳ. ಸುತ್ತಮುತ್ತ ತಾಂಡಾಗಳು ಬಹಳ.

ಇಂತಹ ಸೀಮೆಯಲ್ಲಿ ಹೆಣ್ಣುಮಗುವಿಗೆ ವಸತಿಶಾಲೆ ಏಕೆ ಬೇಕು ಎಂದು ಕೇಳುವವರು ಸುಗ್ಗಿ ಮುಗಿದ ಮೇಲೆ ತಾಂಡಾವನ್ನು ಒಮ್ಮೆ ನೋಡಿ ಬರಬೇಕು. ಮಳೆಯಾಶ್ರಿತ ಹೊಲದ ಕೆಲಸ ತೀರಿತೆಂದರೆ ತಂದೆತಾಯಿಗಳು ಕಾಫಿತೋಟಕ್ಕೋ ಕಬ್ಬಿನ ಕಟಾವಿಗೋ ಗುಳೆ ಹೊರಡುತ್ತಾರೆ. ಹನ್ನೊಂದು ವರ್ಷದ ಮಗಳನ್ನು ಒಬ್ಬಳನ್ನೇ ಬಿಟ್ಟು ಹೋಗುವಂತಿಲ್ಲ. ಜೊತೆಗೆ ಕರೆದೊಯ್ದರೆ ಅವಳು ತಮ್ಮನನ್ನು ಎತ್ತಿಕೊಳ್ಳುವ ದಾದಿಯಾಗುತ್ತಾಳೆ. ಅಜ್ಜಿಯ ಬಳಿ ಬಿಟ್ಟರೆ ಅಜ್ಜಿಯ ಚಿಂತೆಯೆಲ್ಲ ಒಂದೇ: ‘ನಾನಿರುವಾಗಲೇ ಇದರ ಕುತ್ತಿಗೆಗೆ ತಾಳಿ ಬೀಳಲಿ.’ ಊರಿನ ಶಾಲೆ ಐದನೆಯ ತರಗತಿಗೋ ಏಳನೆಯ ತರಗತಿಗೋ ಮುಗಿಯುತ್ತದೆ. ಮುಂದಿನ ಶಾಲೆ ಕೆಲವು ಮೈಲಿ ಆಚೆ ಇರುತ್ತದೆ. ಆ ಕೆಲವು ಮೈಲಿಗಳಲ್ಲಿಯೇ ಎಷ್ಟೋ ಹೆಣ್ಣುಮಕ್ಕಳ ಓದು ಕಳೆದುಹೋಗಿದೆ.

ಈ ದೂರದ ತೊಡಕು ಹೊಸದೇನಲ್ಲ. ಮೈಸೂರಿನಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ, ಅರಮನೆಯ ಆಶ್ರಯದಲ್ಲಿ, ಮಹಾರಾಣಿಯವರ ಬಾಲಿಕಾ ಪಾಠಶಾಲೆ ತೆರೆದದ್ದು 1881ರಲ್ಲಿ. ಕುಲೀನ ಮನೆತನಗಳ ಬಾಲಕಿಯರು ಅಲ್ಲಿಗೆ ಬರತೊಡಗಿದರು. ಆದರೆ ಬಹುಬೇಗ ಅವರ ಮದುವೆಯಾಗುತ್ತಿತ್ತು. 1894ರಲ್ಲಿ ಮೈಸೂರು ಸಂಸ್ಥಾನವು ಶಿಶುವಿವಾಹ ನಿಷೇಧದ ಕಾನೂನನ್ನು ಮಾಡಿತು. ಎಂಟು ವರ್ಷ ತುಂಬದ ಹುಡುಗಿಯ ಮದುವೆ ಅದರ ಪ್ರಕಾರ ಅಪರಾಧವಾಯಿತು. ಐವತ್ತು ಮೀರಿದ ಗಂಡಸು ಹದಿನಾಲ್ಕು ತುಂಬದವಳನ್ನು ವರಿಸುವಂತೆಯೂ ಇರಲಿಲ್ಲ. ಇದನ್ನು ಆ ಕಾಲದಲ್ಲಿ ಪ್ರಗತಿಪರ ಶಾಸನವೆಂದು ದೇಶವೇ ಕೊಂಡಾಡಿತು. ಎಂಟು ವರ್ಷವೆಂಬ ಗೆರೆಯೇ ದೊಡ್ಡ ಸುಧಾರಣೆ ಎನಿಸಬೇಕಾದರೆ ಅದಕ್ಕೆ ಹಿಂದಿನ ಸ್ಥಿತಿ ಹೇಗಿದ್ದಿರಬೇಕು! 1901ರ ಜನಗಣತಿಯಲ್ಲಿ ಹಿಂದೂಸ್ಥಾನದ ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಒಬ್ಬರೂ ಇರಲಿಲ್ಲ.

ಬಾಲ್ಯವಿವಾಹದ ನೆರಳಿನಂತೆ ಬಂದದ್ದು ಬಾಲವೈಧವ್ಯ. ಜೈನ ಸಮಾಜದಲ್ಲಿ ಹೆಣ್ಣುಮಕ್ಕಳ ವಸತಿಶಾಲೆ ಹುಟ್ಟಿದ್ದು ಈ ದುಃಖದ ಒಡಲಿನಿಂದಲೇ ಎಂಬುದನ್ನು ಮರೆಯಬಾರದು. ಮುಂಬಯಿಯ ದಾನಿ ಸೇಠ್ ಮಾಣಿಕಚಂದ ಹೀರಾಚಂದರು ಗಂಡುಹುಡುಗರಿಗಾಗಿ ಅನೇಕ ಊರುಗಳಲ್ಲಿ ಜೈನ ಬೋರ್ಡಿಂಗುಗಳನ್ನು ತೆರೆಸಿದವರು. ಅವರ ಮಗಳು ಮಗನ್‌ಬಾಯಿ ಇಪ್ಪತ್ತು ತುಂಬುವ ಮೊದಲೇ ವಿಧವೆಯಾದರು, ಮಡಿಲಲ್ಲಿ ಒಂದು ಹೆಣ್ಣುಮಗು. ತಂದೆ ಮಗಳನ್ನು ಮೂಲೆಗೆ ಕೂರಿಸಲಿಲ್ಲ. ಪಾಠ ಹೇಳಿಸಿದರು. ಆ ಮಗಳು ಮುಂಬಯಿಯಲ್ಲಿ ಶ್ರಾವಿಕಾಶ್ರಮವನ್ನು ನಡೆಸಿ, ವಿಧವೆಯರನ್ನೂ ಬಾಲಕಿಯರನ್ನೂ ಒಂದೇ ಸೂರಿನಡಿ ಇರಿಸಿ ಓದಿಸಿದರು. ಗಂಡುಮಕ್ಕಳಿಗೆ ಬೋರ್ಡಿಂಗುಗಳನ್ನು ಕಟ್ಟಿಸಿದ ತಂದೆಗೆ ಹೆಣ್ಣುಮಕ್ಕಳ ಆಶ್ರಮದ ಅಗತ್ಯ ತಿಳಿದದ್ದು ತನ್ನ ಮಗಳ ಬಾಳಿನಿಂದ. ದಾನಿಗಳ ಚರಿತ್ರೆಯಲ್ಲಿ ಇದೇನೂ ಅಪೂರ್ವವಲ್ಲ.

ಬಿಹಾರದ ಆರಾ ಪಟ್ಟಣದ ಪಂಡಿತಾ ಚಂದಾಬಾಯಿಯವರ ಬಾಳೂ ಇಂತಹದೇ. ವೃಂದಾವನದ ವೈಷ್ಣವ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಜೈನ ಜಮೀನುದಾರ ಮನೆತನಕ್ಕೆ ಸೊಸೆಯಾಗಿ ಬಂದು, ಕೆಲವೇ ತಿಂಗಳಲ್ಲಿ ಪತಿಯನ್ನು ಕಳೆದುಕೊಂಡ ಹುಡುಗಿ ಆಕೆ. ಮನೆಯವರ ನೆರವಿನಿಂದ ಸಂಸ್ಕೃತ, ನ್ಯಾಯ, ವ್ಯಾಕರಣಗಳನ್ನು ಓದಿ 1921ರಲ್ಲಿ ಜೈನ ಬಾಲಾವಿಶ್ರಾಮವನ್ನು ಸ್ಥಾಪಿಸಿದರು. ಅಲ್ಲಿ ಶ್ರವಣಬೆಳಗೊಳದ ಗೊಮ್ಮಟನನ್ನು ನೆನಪಿಸುವ ಬಾಹುಬಲಿಯ ಮೂರ್ತಿಯನ್ನೂ ನಿಲ್ಲಿಸಲಾಗಿದೆ. ಗಂಗೆಯ ಬಯಲಿನಲ್ಲಿ ಓದಿದ ಆ ಬಾಲೆಯರ ಮೇಲೆ ಕನ್ನಡನಾಡಿನ ಬೆಟ್ಟದ ನೆರಳು ಹೀಗೆ ಬಿದ್ದಿತು. ಕನ್ನಡಿಗರೂ ಬೆರೆತು ಬಾಳುವ ಸೊಲ್ಲಾಪುರದಲ್ಲಿ ಶ್ರಾವಿಕಾಶ್ರಮವನ್ನು ದೊಡ್ಡ ವಿದ್ಯಾಸಂಸ್ಥೆಯಾಗಿ ಬೆಳೆಸಿದವರು ಪದ್ಮಶ್ರೀ ಪಂಡಿತಾ ಸುಮತಿಬಾಯಿ ಶಹಾ ಅವರು.

ಇಂತಹ ಆಶ್ರಮಗಳ ದಿನಚರಿ ಕಠಿಣವಾಗಿತ್ತು. ಬೆಳಗಿನ ಜಾವದ ಸಾಮಾಯಿಕ, ಜಿನದರ್ಶನ, ಸೋಸಿದ ನೀರು, ಸೂರ್ಯಾಸ್ತಕ್ಕೆ ಮುನ್ನವೇ ಊಟ, ಸ್ವಾಧ್ಯಾಯ, ಹೊಲಿಗೆ, ಮತ್ತೆ ಪ್ರಾರ್ಥನೆ. ಹೊರಗಿನವರಿಗೆ ಪ್ರವೇಶವಿಲ್ಲ. ಪತ್ರಗಳು ಮೊದಲು ಮೇಲ್ವಿಚಾರಕಿಯ ಕೈಗೆ. ಇಂದಿನವರ ಕಣ್ಣಿಗೆ ಇದು ಸೆರೆಯಂತೆ ಕಂಡರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಇದರಲ್ಲಿ ಸೆರೆಯ ಅಂಶವೂ ಇತ್ತು. ವಿಧವೆಯ ಬಿಳಿಯ ಸೀರೆಯನ್ನು ಈ ಆಶ್ರಮಗಳು ಪ್ರಶ್ನಿಸಲಿಲ್ಲ. ಮರುಮದುವೆಯ ಮಾತನ್ನು ಎತ್ತಲಿಲ್ಲ. ಸಂಪ್ರದಾಯದೊಡನೆ ಜಗಳವಾಡದೆಯೇ ಆ ಗೋಡೆಗಳ ಒಳಗೆ ಸ್ತ್ರೀಯರಿಗೆ ಜಾಗ ಮಾಡಿಕೊಟ್ಟವು. ಆದರೆ ಒಂದು ಮಾತನ್ನು ಅವರ ಪರವಾಗಿ ಹೇಳಲೇಬೇಕು. ಆಶ್ರಮವನ್ನು ನಡೆಸುತ್ತಿದ್ದವರು ಹಗಲು ಬಂದು ಸಂಜೆ ಹೋಗುವ ನೌಕರರಲ್ಲ. ಮಗನ್‌ಬಾಯಿ, ಚಂದಾಬಾಯಿ ಮೊದಲಾದವರು ಆ ಬಾಲೆಯರೊಡನೆಯೇ ಬಾಳಿದರು. ರಾತ್ರಿ ಮಗುವೊಂದು ಹೆದರಿ ಎದ್ದರೆ, ತಾನೇ ಹದಿಹರೆಯದಲ್ಲಿ ಹೆದರಿ ಎದ್ದಿದ್ದ ಹೆಂಗಸೊಬ್ಬಳು ಪಕ್ಕದ ಕೋಣೆಯಲ್ಲಿ ಇದ್ದಳು.

ಈ ಆಶ್ರಮಗಳ ಬಾಗಿಲು ಯಾರಿಗೆ ತೆರೆದಿತ್ತು ಎಂಬುದು ಇನ್ನೊಂದು ಪ್ರಶ್ನೆ. ಬಹುಮಟ್ಟಿಗೆ ಸ್ವಸಮಾಜಕ್ಕೆ. ಸಮಾಜದ ಹಣ, ಸಮಾಜದ ಮಕ್ಕಳು ಎಂಬುದು ಆ ಕಾಲದ ಎಲ್ಲ ಜಾತಿ ವಸತಿನಿಲಯಗಳ ರೀತಿಯಾಗಿತ್ತು. ಅದನ್ನು ಮುರಿದವರೂ ಜೈನರೇ ಆಗಿದ್ದರು ಎಂಬುದು ಸಂತೋಷದ ವಿಷಯ. ಕುಂಭೋಜದಲ್ಲಿ 1887ರಲ್ಲಿ ಜನಿಸಿದ ಭಾವೂರಾವ್ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದುಕೊಂಡು ಓದುತ್ತಿದ್ದರು. ಅಸ್ಪೃಶ್ಯರ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದ ಅವರಿಗೆ ಸ್ನಾನ ಮಾಡಿ ಒಳಗೆ ಬರುವಂತೆ ಹೇಳಲಾಯಿತು, ಅವರು ಒಪ್ಪದೆ ಬೋರ್ಡಿಂಗಿನಿಂದ ಹೊರಬೀಳಬೇಕಾಯಿತು ಎಂಬುದು ಪ್ರಸಿದ್ಧ ಘಟನೆ. ಅದೇ ಭಾವೂರಾವ್ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಒಮ್ಮೆ ನಿಲಯದ ಮಕ್ಕಳಿಗೆ ಊಟಕ್ಕಿಲ್ಲವಾದಾಗ ಅವರ ಪತ್ನಿ ಲಕ್ಷ್ಮೀಬಾಯಿಯವರು ಕೊರಳ ಮಂಗಳಸೂತ್ರವನ್ನೇ ಕೊಟ್ಟರು. ಕರ್ಮವೀರರೆಂಬ ಬಿರುದು ಪತಿಗೆ ಸಂದಿತು. ಆ ಮಕ್ಕಳಿಗೆ ಅನ್ನ ಬೇಯಿಸಿದ ಕೈಯ ಹೆಸರು ಅಡಿಟಿಪ್ಪಣಿಯಲ್ಲಿ ಉಳಿಯಿತು.

ಸ್ವಾತಂತ್ರ್ಯಾನಂತರ ವಸತಿನಿಲಯದ ಹೊಣೆ ಸಮಾಜಗಳಿಂದ ಸರ್ಕಾರದ ಕಡೆಗೆ ಮೆಲ್ಲಗೆ ಸರಿಯಿತು. ಇದರ ನಡುವಿನ ಕೊಂಡಿಯಾಗಿ ಕಸ್ತೂರ್ಬಾ ಅವರ ಹೆಸರು ಬರುತ್ತದೆ. 1944ರ ಫೆಬ್ರುವರಿ 22ರಂದು ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿಯೇ ಅವರು ಕಣ್ಮುಚ್ಚಿದ ಮೇಲೆ, ಗ್ರಾಮದ ಹೆಂಗಸರು ಮಕ್ಕಳಿಗಾಗಿ ಅವರ ಹೆಸರಿನ ಸ್ಮಾರಕ ನಿಧಿ ಸ್ಥಾಪಿತವಾಯಿತು. ಕರ್ನಾಟಕದಲ್ಲಿ ಆ ಕಾರ್ಯವು ಯಶೋಧರಮ್ಮ ದಾಸಪ್ಪನವರ ನೇತೃತ್ವದಲ್ಲಿ ಅರಸೀಕೆರೆಯಲ್ಲಿ ಬೇರೂರಿತು. ಮುಂದೆ ದೇವರಾಜ ಅರಸರ ಆಡಳಿತದಲ್ಲಿ, ಹಾವನೂರು ಆಯೋಗದ 1975ರ ವರದಿಯ ಹಿನ್ನೆಲೆಯಲ್ಲಿ, ಹಿಂದುಳಿದ ವರ್ಗಗಳ ಮಕ್ಕಳ ನಿಲಯಗಳು ತಾಲ್ಲೂಕು ಮಟ್ಟಕ್ಕೆ ಹರಡಿದವು. 1989ರಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ, ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ಕೆಲವು ತಿಂಗಳು ಒಟ್ಟಿಗೆ ಇರಿಸಿ ಓದಿಸುವ ಶಿಕ್ಷಣ ಕೇಂದ್ರಗಳನ್ನು ನಡೆಸಿತು. ಹುಡುಗಿ ತನ್ನ ಮಾತನ್ನು ತಾನೇ ಆಡಲು ಕಲಿಯಬೇಕೆಂಬುದು ಅಲ್ಲಿನ ಪಾಠ. ಕೇಂದ್ರದ ನೆರವು ನಿಂತು 2016ರಲ್ಲಿ ಆ ಕಾರ್ಯಕ್ರಮ ಮುಗಿಯಿತು.

2004ರಲ್ಲಿ ಭಾರತ ಸರ್ಕಾರ ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯ ಯೋಜನೆಯನ್ನು ಘೋಷಿಸಿತು. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಲ್ಲಿ, ಆರರಿಂದ ಎಂಟನೆಯ ತರಗತಿಯವರೆಗೆ, ಐವತ್ತೋ ನೂರೋ ಹುಡುಗಿಯರಿಗೆ ಊಟ, ವಸತಿ, ಪಾಠ. ಗ್ರಾಮೀಣ ಸ್ತ್ರೀ ಸಾಕ್ಷರತೆ ರಾಷ್ಟ್ರದ ಸರಾಸರಿಗಿಂತ ಕೆಳಗಿದ್ದು, ಗಂಡು ಹೆಣ್ಣಿನ ಅಂತರ ಸರಾಸರಿಗಿಂತ ಮೇಲಿದ್ದರೆ ಆ ತಾಲ್ಲೂಕು ಹಿಂದುಳಿದದ್ದೆಂದು ಲೆಕ್ಕ. ಸ್ಥಾನಗಳಲ್ಲಿ ಮುಕ್ಕಾಲು ಪಾಲು ಪರಿಶಿಷ್ಟರು, ಹಿಂದುಳಿದವರು ಹಾಗೂ ಅಲ್ಪಸಂಖ್ಯಾತರಿಗೆ. ಉಳಿದ ಕಾಲುಭಾಗ ಬಡತನದ ರೇಖೆಯ ಕೆಳಗಿನ ಕುಟುಂಬಗಳಿಗೆ. 750 ಶಾಲೆಗಳ ಸಂಕಲ್ಪದಿಂದ ಆರಂಭವಾದ ಯೋಜನೆ ಇಂದು ದೇಶದಲ್ಲಿ ಐದು ಸಾವಿರಕ್ಕೂ ಮೀರಿ ಬೆಳೆದಿದೆ. 2018ರ ನಂತರ ಹನ್ನೆರಡನೆಯ ತರಗತಿಯವರೆಗೂ ವಿಸ್ತರಿಸಲು ಅವಕಾಶ ದೊರೆಯಿತು. ಕರ್ನಾಟಕದಲ್ಲಿ ಇದರ ಜೊತೆಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿನ ಬಾಲಕಿಯರ ವಸತಿ ಶಾಲೆಗಳೂ ಇವೆ.

ಆರಂಭದಲ್ಲಿ ಒಬ್ಬ ಹುಡುಗಿಯ ಪಾಲನೆಗೆ ತಿಂಗಳಿಗೆ 750 ರೂಪಾಯಿ ಗೊತ್ತುಮಾಡಿದ್ದರು. ದಿನಕ್ಕೆ ಇಪ್ಪತ್ತೈದು. ಅದರಲ್ಲಿಯೇ ಮೂರು ಹೊತ್ತಿನ ಊಟ ಆಗಬೇಕು. ಈ ಮೊತ್ತ ಮುಂದೆ ಹಂತಹಂತವಾಗಿ ಏರಿತು. ಬೇಳೆ ಎಣ್ಣೆಗಳ ಬೆಲೆಯೂ ಏರಿತು. ಆದರೂ ಆಹಾರದಾನದ ಮಟ್ಟಿಗೆ ಸರ್ಕಾರವನ್ನು ಹೆಚ್ಚು ದೂರುವಂತಿಲ್ಲ. ಮನೆಯಲ್ಲಿ ತಮ್ಮ ಉಂಡು ಮಿಕ್ಕದ್ದನ್ನು ಉಣ್ಣುತ್ತಿದ್ದ ಹುಡುಗಿ ನಿಲಯದಲ್ಲಿ ತನ್ನ ತಟ್ಟೆಯ ಮುದ್ದೆ ಸಾರನ್ನು ತಾನೇ ಉಣ್ಣುತ್ತಾಳೆ. 2013ರ ಆಗಸ್ಟಿನಿಂದ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು ಬಂತು. ವಾರಕ್ಕೊಮ್ಮೆ ಕಬ್ಬಿಣಾಂಶದ ನೀಲಿ ಮಾತ್ರೆ, ವರ್ಷಕ್ಕೆರಡು ಬಾರಿ ಜಂತುಹುಳುವಿನ ಮಾತ್ರೆ ನುಂಗಿಸುವ ರೂಢಿಯೂ ಬಂತು. ಇಷ್ಟಾಗಿಯೂ 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹದಿನೈದರಿಂದ ಹತ್ತೊಂಬತ್ತು ವಯಸ್ಸಿನ ಭಾರತೀಯ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿ ರಕ್ತಹೀನರು ಎಂದು ಕಂಡುಬಂತು.

ಆಹಾರದ ಮಾತು ಬಂದ ಮೇಲೆ ಜೈನ ಓದುಗರ ಮನಸ್ಸಿನಲ್ಲಿರುವ ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. 2021ರ ಕೊನೆಯಲ್ಲಿ ರಾಜ್ಯದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲಾರಂಭಿಸಿದಾಗ ಜೈನರಿಂದಲೂ ಕೆಲವು ಲಿಂಗಾಯತ ಮಠಗಳಿಂದಲೂ ವಿರೋಧ ಬಂತು. ಒಲ್ಲದವರಿಗೆ ಬಾಳೆಹಣ್ಣು, ಚಿಕ್ಕಿಗಳ ವ್ಯವಸ್ಥೆಯಾಯಿತು. ತಮ್ಮ ಮಕ್ಕಳ ತಟ್ಟೆಯ ಬಗ್ಗೆ ಕಳಕಳಿ ಪಡುವುದು ಸಹಜ. ಅಹಿಂಸೆ ಅನುಕೂಲಕ್ಕೆ ತಕ್ಕಂತೆ ಸಡಿಲವಾಗುವ ವ್ರತವೂ ಅಲ್ಲ. ಆದರೆ ತಾಂಡಾದ ಹುಡುಗಿಯ ತಟ್ಟೆಯಲ್ಲಿ ಏನಿರಬಾರದೆಂದು ಮನವಿ ಸಲ್ಲಿಸಿದಷ್ಟೇ ಶ್ರದ್ಧೆಯಿಂದ, ಅಲ್ಲಿ ಏನಿರಬೇಕೆಂದು ಕೇಳಿ, ಬೇಳೆ, ಹಾಲು, ಶೇಂಗಾ, ಹಣ್ಣುಗಳ ಹೊರೆಯನ್ನು ಹೊತ್ತುಕೊಂಡ ಜಿನಮಂದಿರಗಳು ಎಷ್ಟಿವೆ? ಉತ್ತರ ಆಯಾ ಊರಿನ ಟ್ರಸ್ಟುಗಳಿಗೇ ಗೊತ್ತು.

ನೀರಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ನೀರನ್ನು ಸೋಸಿ ಕುಡಿಯಬೇಕೆಂಬ ನಿಯಮವನ್ನು ಪಾಲಿಸಿದ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಗಳೂರಿನಂತಹ ಸೀಮೆಯಲ್ಲಿ ಬೇಸಿಗೆ ಬಂದರೆ ನಿಲಯದ ತೊಟ್ಟಿಗೆ ನೀರು ಯಾವಾಗ ಬರುವುದೆಂಬುದೇ ಚಿಂತೆ. ಐವತ್ತು ಹುಡುಗಿಯರು ಬೆಳಗಿನ ಎರಡು ಗಂಟೆಗಳಲ್ಲಿ ಸ್ನಾನ ಮುಗಿಸಿ, ಜಡೆ ಹೆಣೆದು, ಪ್ರಾರ್ಥನೆಗೆ ನಿಲ್ಲಬೇಕು. ನೀರು ಕಡಿಮೆಯಾದಾಗ ಮೊದಲು ಕೈಬಿಡುವುದು ತಲೆಸ್ನಾನವನ್ನು. ಆಮೇಲೆ ಬಟ್ಟೆ ಒಗೆತ. ಅದರ ಹಿಂದೆಯೇ ಹೇನು, ಕಜ್ಜಿ. ಶೌಚಾಲಯಕ್ಕೆ ನೀರಿಲ್ಲದಿದ್ದರೆ ಹುಡುಗಿಯರು ಕುಡಿಯುವ ನೀರನ್ನೇ ಕಡಿಮೆ ಮಾಡುತ್ತಾರೆ. ಇದನ್ನು ಯಾವ ತಪಾಸಣಾ ವರದಿಯೂ ಕಾಣಲಾರದು. ಮೂತ್ರದ ಉರಿಯನ್ನು ಹೇಳಿಕೊಳ್ಳಲು ನಾಚಿ ತಿಂಗಳುಗಟ್ಟಲೆ ಸಹಿಸುವ ಮಗುವಿಗೆ ಔಷಧ ತಲುಪಬೇಕಾದರೆ ಮೊದಲು ಯಾರಾದರೂ ಅವಳ ಮುಖವನ್ನು ನೋಡಿರಬೇಕು.

ಮುಟ್ಟಿನ ವಿಷಯದಲ್ಲಿಯೂ ಇದೇ ಮಾತು. ಶುಚಿ ಯೋಜನೆಯ ಪ್ಯಾಡುಗಳು 2013-14ರಲ್ಲಿ ಬಂದವು. ನಡುವೆ ಕೆಲವು ವರ್ಷ ನಿಂತವು. 2024ರಲ್ಲಿ ಮತ್ತೆ ಆರಂಭವಾದವು. ಆದರೆ ಮೊದಲ ಬಾರಿಗೆ ರಕ್ತ ಕಂಡು, ತನಗೇನೋ ದೊಡ್ಡ ರೋಗ ಬಂದಿದೆಯೆಂದು ಗಾಬರಿಯಾದ ಹನ್ನೊಂದರ ಹುಡುಗಿಗೆ ಪ್ಯಾಡಿನ ಪೊಟ್ಟಣಕ್ಕಿಂತ ಮೊದಲು ಬೇಕಾದದ್ದು ‘ಹೆದರಬೇಡ ಮಗಳೇ’ ಎಂಬ ಒಂದು ನುಡಿ. ಹಿಂದಿನ ಆಶ್ರಮಗಳಲ್ಲಿ ಆ ದಿನಗಳಲ್ಲಿ ಹುಡುಗಿಯನ್ನು ಚೈತ್ಯಾಲಯದಿಂದಲೂ ಅಡುಗೆಮನೆಯಿಂದಲೂ ದೂರವಿಡುವುದು ಆಚಾರ. ಮನೆಗಳಲ್ಲಿ ಇಂದಿಗೂ ಅದು ಪೂರ್ಣವಾಗಿ ಹೋಗಿಲ್ಲ. ಆಚಾರದ ಚರ್ಚೆ ಇಲ್ಲಿನ ವಿಷಯವಲ್ಲ. ಆ ಮಗು ದೂರ ಕುಳಿತಾಗ ಅವಳ ಬಳಿಗೆ ಬಂದು ಕೂರುವವರು ಯಾರು ಎಂಬುದಷ್ಟೇ ವಿಷಯ.

ಇಲ್ಲಿಗೆ ಅಭಯದ ಮಾತು ಬಂತು. ಶಾಸ್ತ್ರದಲ್ಲಿ ಅಭಯದಾನವೆಂದರೆ ಜೀವಿಗೆ ಭಯವಿಲ್ಲದಂತೆ ಮಾಡುವುದು. ವಸತಿಶಾಲೆಯಲ್ಲಿ ಅದರ ಅರ್ಥವನ್ನು ಬಹಳ ಸಣ್ಣ ವಸ್ತುಗಳಲ್ಲಿ ಹುಡುಕಬೇಕು. ಸ್ನಾನದ ಮನೆಯ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕವಿದೆಯೇ? ಶೌಚಾಲಯ ಕಟ್ಟಡದ ಒಳಗಿದೆಯೇ, ಅಂಗಳ ದಾಟಿ ಕತ್ತಲಲ್ಲಿ ಹೋಗಬೇಕೇ? ರಾತ್ರಿ ದೀಪ ಹೋದರೆ ಕಂದೀಲು ಯಾರ ಬಳಿ ಇರುತ್ತದೆ? ಮೇಲ್ವಿಚಾರಕಿ ನಿಜಕ್ಕೂ ರಾತ್ರಿ ಅಲ್ಲಿ ತಂಗುತ್ತಾರೆಯೇ, ಪುಸ್ತಕದಲ್ಲಿ ಮಾತ್ರ ತಂಗುತ್ತಾರೆಯೇ? ಹುಡುಗಿಯನ್ನು ನೋಡಲು ಬಂದ ‘ಮಾವ’ ನಿಜವಾಗಿ ಮಾವನೇ ಎಂದು ತಿಳಿದುಕೊಳ್ಳುವವರು ಇದ್ದಾರೆಯೇ? ಮಗುವಿನ ದೂರು ಮೊದಲು ಯಾರ ಕಿವಿಗೆ ಬೀಳುತ್ತದೆ, ಬಿದ್ದ ಮೇಲೆ ಅದು ಮುಂದೆ ಹೋಗುತ್ತದೆಯೇ, ಅಲ್ಲಿಯೇ ಮುಚ್ಚಿಹೋಗುತ್ತದೆಯೇ? ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ತಡೆಗಾಗಿ 2012ರಲ್ಲಿ ಬಂದ ಪೋಕ್ಸೋ ಕಾಯ್ದೆಯು ವಿದ್ಯಾಸಂಸ್ಥೆಯ ಸಿಬ್ಬಂದಿಯೇ ಅಪರಾಧಿಯಾದರೆ ಅದನ್ನು ಇನ್ನಷ್ಟು ಘೋರವೆಂದು ಎಣಿಸುತ್ತದೆ. ವಿಷಯ ತಿಳಿದೂ ವರದಿ ಮಾಡದವರಿಗೂ ಶಿಕ್ಷೆಯಿದೆ. ಸಂಸ್ಥೆಯ ಮಾನ ಉಳಿಸಲೆಂದು ಮಗುವಿನ ಬಾಯಿ ಮುಚ್ಚಿಸುವುದು ಈ ಕಾಯ್ದೆಯ ಕಣ್ಣಿನಲ್ಲಿ ಅಪರಾಧ. ಧರ್ಮದ ಕಣ್ಣಿನಲ್ಲಿ ಅದು ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಭಯ ಹೊರಗಿನದೊಂದೇ ಅಲ್ಲ. ಮೊದಲ ಬಾರಿ ಮನೆ ಬಿಟ್ಟು ಬಂದ ಮಗುವಿಗೆ ಜೂನ್ ತಿಂಗಳ ಮೊದಲ ವಾರಗಳು ಬಹು ದೀರ್ಘ. ತಗಡಿನ ಟ್ರಂಕು, ಒಂದು ಹೊದಿಕೆ, ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ. ಚಟ್ನಿ ತೀರುವವರೆಗೆ ಮನೆ ಕೈಯಳತೆಯಲ್ಲಿದೆ. ತೀರಿದ ದಿನ ಅಳು. ಲಂಬಾಣಿ ಮಾತಾಡುವ ಮನೆಯಿಂದ ಬಂದವಳಿಗೆ ಪಾಠದ ಕನ್ನಡವೇ ಪರಭಾಷೆ. ‘ಮಾತೇ ಆಡುವುದಿಲ್ಲ, ಮೊಂಡು ಹುಡುಗಿ’ ಎಂದು ಅವಳ ಮೇಲೆ ಬರೆದುಕೊಳ್ಳುವ ಶಿಕ್ಷಕಿ ಇರಬಹುದು. ಅವಳ ಪಕ್ಕಕ್ಕೆ ಅದೇ ಮಾತಿನ ಹಿರಿಯ ಹುಡುಗಿಯೊಬ್ಬಳನ್ನು ಮಲಗಿಸುವ ಶಿಕ್ಷಕಿಯೂ ಇರಬಹುದು. ಎರಡೂ ನಿಲಯಗಳಿಗೆ ಬರುವ ಅನುದಾನ ಒಂದೇ.

ಮೇಲ್ವಿಚಾರಕಿಯ ಸ್ಥಾನವನ್ನು ಸರ್ಕಾರವಾಗಲಿ ಸಮಾಜವಾಗಲಿ ಅದರ ಭಾರಕ್ಕೆ ತಕ್ಕಂತೆ ಗೌರವಿಸಿಲ್ಲ. ಕಟ್ಟಡಕ್ಕೆ ಶಂಕುಸ್ಥಾಪನೆಯುಂಟು, ಶಿಲಾಫಲಕವುಂಟು. ಇಪ್ಪತ್ತನಾಲ್ಕು ಗಂಟೆ ಐವತ್ತು ಮಕ್ಕಳ ತಾಯಿಯಾಗಬೇಕಾದ ಹೆಂಗಸಿಗೆ ಗೌರವಧನ ಮಾತ್ರ. ಗೌರವಧನವೆಂಬ ಶಬ್ದವೇ ವಿಚಿತ್ರ: ಅದರಲ್ಲಿ ಗೌರವವೂ ಕಡಿಮೆ, ಧನವೂ ಕಡಿಮೆ. ಆಕೆಗೂ ಮನೆಯುಂಟು, ಆಕೆಯ ಮಕ್ಕಳಿಗೂ ಜ್ವರ ಬರುತ್ತದೆ. ಮಗನ್‌ಬಾಯಿ, ಚಂದಾಬಾಯಿಯವರು ಜೀವನವನ್ನೇ ಮುಡಿಪಾಗಿಟ್ಟರೆಂದು ಎಲ್ಲ ಹೆಂಗಸರಿಂದಲೂ ಅದನ್ನೇ ಅಪೇಕ್ಷಿಸುವುದು ಅನ್ಯಾಯ. ಒಬ್ಬಳಿಂದಾಗದ್ದನ್ನು ಇಬ್ಬರಿಂದ ಮಾಡಿಸಬೇಕು. ಅದಕ್ಕೆ ಹಣ ಬೇಕು. ಕಲ್ಲಿನ ಕಮಾನಿಗೆ ದಾನಿಗಳು ಸಿಕ್ಕಷ್ಟು ಸುಲಭವಾಗಿ ರಾತ್ರಿಯ ಕಾವಲಿಗೆ ಸಿಕ್ಕುವುದಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬಸದಿಯನ್ನೂ ಕಟ್ಟಿಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನೂ ಬರೆಸಿ ಹಂಚಿದಳು. ಸಮಾಜ ಕಲ್ಲಿನ ಬಸದಿಯನ್ನು ಅನುಕರಿಸಿದಷ್ಟು ಓಲೆಯ ಪ್ರತಿಗಳನ್ನು ಅನುಕರಿಸಲಿಲ್ಲ.

2001ರ ಜನಗಣತಿಯಂತೆ ಜೈನರಲ್ಲಿ ಸಾಕ್ಷರತೆ ಶೇ. 94.1. ಸ್ತ್ರೀಯರಲ್ಲಿಯೇ ಶೇ. 90.6. ಅದೇ ಗಣತಿಯಲ್ಲಿ ದೇಶದ ಸ್ತ್ರೀ ಸಾಕ್ಷರತೆ ಶೇ. 53.7 ಮಾತ್ರ. ನೂರು ವರ್ಷಗಳ ಹಿಂದೆ ಬಾಲವಿಧವೆಯರಿಗಾಗಿ ಆಶ್ರಮ ತೆರೆದ ಸಮಾಜ ಇಷ್ಟು ದೂರ ಬಂದಿದೆ. ಜೈನರ ಹೆಣ್ಣುಮಕ್ಕಳಿಗಾಗಿಯೇ ಪ್ರತ್ಯೇಕ ಆಶ್ರಮ ಬೇಕಾದ ಕಾಲ ಬಹುಮಟ್ಟಿಗೆ ಮುಗಿದಿದೆ. ಬೆಳಗಾವಿ ಸೀಮೆಯ ಬಡ ಬೇಸಾಯಗಾರ ಜೈನ ಕುಟುಂಬಗಳನ್ನು ಈ ಮಾತಿನಿಂದ ಹೊರತುಪಡಿಸಬೇಕು. ಅಲ್ಲಿ ಅಗತ್ಯ ಇನ್ನೂ ಇದೆ. ಆದರೆ ಶ್ರಾವಿಕಾಶ್ರಮಗಳು ನಡೆಸಿದ ಕೆಲಸ ಎಲ್ಲಿಯೂ ಮುಗಿದಿಲ್ಲ. ಅದು ಬೇರೆಯವರ ಮಕ್ಕಳ ಮನೆಬಾಗಿಲಿಗೆ ಬಂದು ನಿಂತಿದೆ.

ಎಷ್ಟು ಉಳಿದಿದೆ ಎಂಬುದನ್ನು 2020ನೆಯ ವರ್ಷ ತೋರಿಸಿಕೊಟ್ಟಿತು. ಆ ಮಾರ್ಚಿನಲ್ಲಿ ಕೊರೊನಾ ಕಾರಣದಿಂದ ಶಾಲೆಗಳೂ ನಿಲಯಗಳೂ ಮುಚ್ಚಿದವು. ನಡುವೆ ಸ್ವಲ್ಪ ಕಾಲ ತೆರೆದು ಮತ್ತೆ ಮುಚ್ಚಿ, ಸುಮಾರು ಒಂದೂವರೆ ವರ್ಷ ಹೀಗೆಯೇ ಕಳೆಯಿತು. ಮೊಬೈಲಿನಲ್ಲಿ ಪಾಠವೆಂದರು. ಮನೆಗಿದ್ದ ಒಂದು ಮೊಬೈಲು ಅಣ್ಣನ ಕೈಯಲ್ಲಿರುತ್ತಿತ್ತು. ಬಾಲ್ಯವಿವಾಹದ ದೂರುಗಳು ರಾಜ್ಯದಲ್ಲಿ ಹೆಚ್ಚಿದವು. ಮದುವೆಗೆ ನೂರಾರು ಜನ ಸೇರುವಂತಿಲ್ಲವೆಂಬ ನಿಯಮವೇ ಕೆಲವರಿಗೆ ಖರ್ಚು ಉಳಿಸುವ ಸಂದರ್ಭವಾಯಿತು. ಕರ್ನಾಟಕವು ತಿದ್ದುಪಡಿ ತಂದು ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧುವೆಂದು 2017ರಲ್ಲಿಯೇ ಜಾರಿಗೊಳಿಸಿತ್ತು. ಆದರೂ 2019-21ರ ಸಮೀಕ್ಷೆಯಲ್ಲಿ ರಾಜ್ಯದ ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಹೆಂಗಸರಲ್ಲಿ ಶೇ. 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 21.4. ನಾಲ್ಕೈದು ವರ್ಷಗಳಲ್ಲಿ ಇಳಿದದ್ದು ದಶಾಂಶ ಒಂದು. ನಿಲಯದ ಗೋಡೆ ಎಷ್ಟು ಹುಡುಗಿಯರನ್ನು ತಾಳಿಯಿಂದ ಕಾಯುತ್ತಿತ್ತೆಂಬುದು ಅದು ಮುಚ್ಚಿದಾಗ ತಿಳಿಯಿತು.

ಕಾಯಿಲೆ ಇಲ್ಲದ ವರ್ಷಗಳಲ್ಲಿಯೂ ಅಪಾಯದ ಹೊತ್ತು ಬರುವುದು ರಜೆಯಲ್ಲಿಯೇ. ದಸರೆಗೆ ಮನೆಗೆ ಹೋದವಳು ದೀಪಾವಳಿ ಕಳೆದರೂ ಬರುವುದಿಲ್ಲ. ‘ಅಜ್ಜಿಗೆ ಹುಷಾರಿಲ್ಲ’ ಎಂಬ ಒಂದು ಸುದ್ದಿ ಬರುತ್ತದೆ. ಆಮೇಲೆ ಸುದ್ದಿಯೂ ಇಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲುಗಟ್ಟುತ್ತದೆ. ತಿಂಗಳ ಕೊನೆಗೆ ಆ ಹೆಸರು ತೆಗೆದು, ಕಾಯುವ ಪಟ್ಟಿಯ ಇನ್ನೊಬ್ಬಳ ಹೆಸರನ್ನು ಬರೆದರೆ ಲೆಕ್ಕ ಸರಿಯಾಗುತ್ತದೆ. ಹಾಗೆ ಬರೆಯದೆ, ಒಂದು ಭಾನುವಾರ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿ, ತಾಂಡಾದ ತಿರುವಿನಲ್ಲಿ ಇಳಿದು, ಮಣ್ಣಿನ ದಾರಿಯಲ್ಲಿ ಮೈಲಿ ನಡೆದು, ಹುಡುಗಿಯ ಮನೆಯ ಕಟ್ಟೆಯ ಮೇಲೆ ಕುಳಿತು ‘ಮಗಳು ಎಲ್ಲಿ ತಾಯಿ, ಒಂದು ಸಲ ಕರೆಯಿರಿ’ ಎಂದು ಕೇಳುವ ಮೇಲ್ವಿಚಾರಕಿಯರೂ ಈ ಸೀಮೆಯಂತಹ ಸೀಮೆಗಳಲ್ಲಿ ಇದ್ದಾರೆ. ಅವರ ಬಸ್ಸಿನ ಖರ್ಚನ್ನು ಬರೆಯಲು ಲೆಕ್ಕದ ಪುಸ್ತಕದಲ್ಲಿ ಅಂಕಣವಿಲ್ಲ. 2023ರ ಜೂನಿನಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲವಾದ್ದರಿಂದ ಆ ಒಂದು ತೊಡಕು ಮಾತ್ರ ತಪ್ಪಿದೆ.